ಅಂಟಿಗಿಂತ ಮೊದಲು ಹಿಂಡು, ತಮ್ಮಾ

ತಮ್ಮಾ, ಮೊನ್ನೆ ನೀ ರಾಯಚೂರಿನಿಂದ ಹಸಿ ಕಟ್ಲೆಟ್ ತಂದು ನಮ್ಮ ಬಾಣಲಿಯಲ್ಲೇ ಕರಿದೆಯಲ್ಲ, ಉಪ್ಪು ಖಾರಕ್ಕೆ ಹೆಸರಿಡುವಂತಿರಲಿಲ್ಲ. ಆದರೆ ಎಣ್ಣೆಗೆ ಬಿಟ್ಟ ಕೂಡಲೇ ಅಂಚು ಬಿಚ್ಚಿತು, ಸೋಯಾ ಚೂರು ತಳ ಹಿಡಿಯಿತು. 'ಗೌರ್ ಗಮ್ ಇನ್ನಷ್ಟು ಹಾಕ್ತೀನಿ' ಅಂದೆ. ಆ ಕೈ ತಡಿ.

ಗಮ್ ನಮಗೆ ಹೊಸದಲ್ಲ. ಬಾಣಂತಿಗೆ ಅಂಟಿನ ಉಂಡಿ ಕಟ್ಟಿದ ಮನೆ ಇದು. ನಿನ್ನ ಡಬ್ಬಿಯ ಪುಡಿಯೂ ದೇವದುರ್ಗದ ಸಂತೆಯಿಂದ ತರುವ ಚವಳಿಕಾಯಿಯ ಸಂತಾನವೇ. ಬಲಿತ ಬೀಜದ ಸಿಪ್ಪೆ, ಮೊಳಕೆ ಕಳೆದು ಒಳಗಿನ ಬಿಳಿ ಬೀಸಿದರೆ ಅದಾಯಿತು. ಬೆಳೆ ಮಾತ್ರ ಹೆಚ್ಚಾಗಿ ರಾಜಸ್ಥಾನದ್ದು.

ಈ ಗಮ್ ನೀರು ಹಿಡಿಯುತ್ತದೆ, ಅಷ್ಟೇ. ನೆನೆದ ಸೋಯಾವನ್ನು ನೀ ಅರೆಬರೆ ಹಿಂಡಿದರೆ ಆ ನೀರೆಲ್ಲ ಲೋಳೆಯಾಗಿ ಬಾಯಲ್ಲಿ ಜಾರುತ್ತದೆ. ಬಟ್ಟೆಯಲ್ಲಿ ಕಟ್ಟಿ, ಹನಿ ನಿಲ್ಲುವ ತನಕ ಹಿಂಡು. ಆಮೇಲೆ ಪುಟಾಣಿ ಹಿಟ್ಟು. ಅಂಟು ಕೊನೆಗೆ, ಕಿಲೋಗೆ 5 ಗ್ರಾಂನಿಂದ ಶುರು ಮಾಡು. ಅಂದಾಜಿನ ಚಮಚ ಬೇಡ, ಸಣ್ಣ ತಕ್ಕಡಿ ತಗೋ. ನಾನೊಮ್ಮೆ ನೇರ ನೀರಿಗೇ ಸುರಿದಿದ್ದೆ. ಕಪ್ಪೆ ಮೊಟ್ಟೆಯಂಥ ಗಂಟುಗಳು, ಒಡೆದರೆ ಒಳಗೆ ಒಣ ಪುಡಿ! ಸ್ವಲ್ಪ ಒಣ ಹಿಟ್ಟಿನಲ್ಲಿ ಬೆರೆಸಿ ಹಾಕು, ಕಲಸಿ ಅರ್ಧ ತಾಸು ಬಿಡು.

ಕಟ್ಟಿ ಹಿಡಿಯಲು ಡಬ್ಬಿಯ ಅಂಟೇ ಬೇಕೆಂದಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ನಿಮ್ಮಜ್ಜಿ ಕುದಿಯುವ ಎಸರು ಹೊಯ್ದು ನಾದುತ್ತಿದ್ದದ್ದು ಅದಕ್ಕೇ. ಬೆಂದ ಹಿಟ್ಟು ಉಳಿದ ಹಿಟ್ಟನ್ನು ಕಟ್ಟಿ ಹಿಡಿಯುತ್ತಿತ್ತು, ರೊಟ್ಟಿ ಬಡಿದರೂ ಹರಿಯುತ್ತಿರಲಿಲ್ಲ.

ಪ್ಯಾಕೆಟ್ ಬರ್ಗರ್ ಕೆಲವಕ್ಕೆ ಹಾಕುವ ಮೀಥೈಲ್ ಸೆಲ್ಯುಲೋಸ್‌ನ ದಾರಿಯೇ ಬೇರೆ. ತಣ್ಣೀರಲ್ಲಿ ಕರಗುತ್ತದೆ, ಬಿಸಿಗೆ ಗಟ್ಟಿಯಾಗುತ್ತದೆ, ಆರಿದರೆ ಮತ್ತೆ ಸಡಿಲು. ಎಣ್ಣೆಯಲ್ಲಿ ಒಡೆಯದಿರಲು ಅದೇ ಬೇಕೇನೋ. ಇದನ್ನು ನನ್ನ ಮಾತು ನಂಬಿ ಮಾಡಬೇಡ; ನಿಮ್ಮೂರ ಕೃಷಿ ವಿಶ್ವವಿದ್ಯಾಲಯದ ಕೃಷಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಆಹಾರ ಸಂಸ್ಕರಣೆಯ ವಿಭಾಗವೇ ಇದೆ, ನಾಚದೆ ಹೋಗಿ ಕೇಳು. ಪ್ಯಾಕೆಟ್ ಮಾಡಿ ಮಾರುವುದಾದರೆ ಗೌರ್ ಗಮ್, INS 412 ಅಂತ ಚೀಟಿಯಲ್ಲಿ ಬರಿ. ಮುಚ್ಚಿಡುವಂಥದ್ದೇನಿದೆ ಅದರಲ್ಲಿ?

ಮುಂದಿನ ಸಲ ಅಲ್ಲೇ ಕರಿದು, ಬಸ್ಸಿನಲ್ಲಿ ತಗೊಂಡು ಬಾ. ಮಾನ್ವಿ ಮುಟ್ಟುವಷ್ಟರಲ್ಲಿ ಆರಿರುತ್ತದೆ. ಆರಿದ್ದನ್ನೇ ತಿಂದು ಹೇಳುತ್ತೇನೆ.