ನಾಯಿಗಳಲ್ಲಿ ಉಣ್ಣೆಯಿಂದ ಹರಡುವ ಸೋಂಕು ಮತ್ತು ರೋಗನಿರೋಧಕ ಶಕ್ತಿ: ಗ್ರಾಮ ಪಂಚಾಯಿತಿ ಸದಸ್ಯರಿಗೆ ಅಧ್ಯಯನ ಪಾಠ



ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಅನ್ವಯ ಬೀದಿ ನಾಯಿಗಳ ಸಂತಾನ ನಿಯಂತ್ರಣ ಹಾಗೂ ರೇಬಿಸ್ ನಿರೋಧಕ ಲಸಿಕೆಯ ಹೊಣೆಯು ಸ್ಥಳೀಯ ಸಂಸ್ಥೆಗಳ ಮೇಲಿದೆ. ಈ ಕಾರ್ಯಕ್ಕಾಗಿ ಹಿಡಿದು ತರುವ ನಾಯಿಗಳ ಕಿವಿಯೊಳಗೆ, ಕತ್ತಿನ ಸುತ್ತ, ಕಾಲ್ಬೆರಳುಗಳ ಸಂದಿನಲ್ಲಿ ಉಣ್ಣೆ (ಉಣುಗು) ತುಂಬಿರುವುದು ಎಲ್ಲರಿಗೂ ಪರಿಚಿತವಾದ ನೋಟ. ಅದನ್ನು ಕೇವಲ ತುರಿಕೆಯ ಕಾಟವೆಂದು ಭಾವಿಸುವುದು ರೂಢಿ. ಆದರೆ ಉಣ್ಣೆಯು ರಕ್ತ ಹೀರುವುದರ ಜೊತೆಗೆ ರೋಗಾಣುಗಳನ್ನೂ ಒಳಸೇರಿಸುತ್ತದೆ. ಆ ರೋಗಾಣುಗಳಲ್ಲಿ ಕೆಲವು ನಾಯಿಯ ರೋಗನಿರೋಧಕ ವ್ಯವಸ್ಥೆಯನ್ನೇ ಕೆಡಿಸುತ್ತವೆ. ಇದು ಹೇಗೆ ನಡೆಯುತ್ತದೆ, ಪಂಚಾಯಿತಿಯ ಕೆಲಸಕ್ಕೆ ಇದರ ಸಂಬಂಧವೇನು ಎಂಬುದನ್ನು ತಿಳಿಸುವುದೇ ಈ ಪಾಠದ ಉದ್ದೇಶ.

1. ಕಂದು ಉಣ್ಣೆಯ ಜೀವನಕ್ರಮ

ನಮ್ಮ ಊರುಗಳ ನಾಯಿಗಳಲ್ಲಿ ಹೆಚ್ಚಾಗಿ ಕಾಣುವುದು ಕಂದು ಬಣ್ಣದ ನಾಯಿ ಉಣ್ಣೆ. ಮೊಟ್ಟೆಯಿಂದ ಹೊರಬರುವ ಮರಿಗೆ ಆರು ಕಾಲುಗಳು. ಮುಂದಿನ ಎರಡು ಹಂತಗಳಲ್ಲಿ ಎಂಟು ಕಾಲುಗಳು. ಪ್ರತಿ ಹಂತದಲ್ಲಿಯೂ ಅದು ನಾಯಿಯ ಮೈಯೇರಿ ರಕ್ತ ಹೀರಿ, ಬಳಿಕ ಕೆಳಗೆ ಬಿದ್ದು, ಗೋಡೆಯ ಬಿರುಕು, ಕಲ್ಲುಚಪ್ಪಡಿಯ ಸಂದು, ನಾಯಿ ಮಲಗುವ ಮೂಲೆಗಳಲ್ಲಿ ಅಡಗುತ್ತದೆ. ಹೆಣ್ಣು ಉಣ್ಣೆ ಅಲ್ಲಿಯೇ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಆಹಾರವಿಲ್ಲದೆಯೂ ಉಣ್ಣೆಯು ತಿಂಗಳುಗಟ್ಟಲೆ ಬದುಕಬಲ್ಲದು. ಆದುದರಿಂದ ನಾಯಿಯ ಮೈಮೇಲೆ ಕಾಣುವ ಉಣ್ಣೆಗಳು ಆ ಪರಿಸರದಲ್ಲಿರುವ ಒಟ್ಟು ಉಣ್ಣೆಗಳ ಒಂದು ಚಿಕ್ಕ ಪಾಲು ಮಾತ್ರ.

ಉಣ್ಣೆಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಂಶಗಳಿವೆ. ಕಚ್ಚಿದ ಜಾಗದಲ್ಲಿ ದೇಹದ ಪ್ರತಿರೋಧವನ್ನು ತಗ್ಗಿಸುವ ಅಂಶಗಳೂ ಇವೆ. ಹೀಗೆ ರೋಗಾಣುವಿನ ಪ್ರವೇಶಕ್ಕೆ ಉಣ್ಣೆಯೇ ದಾರಿ ಸುಗಮಗೊಳಿಸುತ್ತದೆ.

2. ರಕ್ಷಕ ಕಣಗಳಲ್ಲಿಯೇ ನೆಲೆಸುವ ರೋಗಾಣು

ದೇಹದೊಳಗೆ ಹೊಕ್ಕ ರೋಗಾಣುವನ್ನು ನುಂಗಿ ನಾಶಪಡಿಸುವುದು ಕೆಲವು ಬಗೆಯ ಬಿಳಿ ರಕ್ತಕಣಗಳ ಕೆಲಸ. 1935ರಲ್ಲಿ ಆಲ್ಜೀರಿಯಾ ದೇಶದ ನಾಯಿಗಳಲ್ಲಿ ಮೊದಲು ಗುರುತಿಸಲಾದ, ಇಂದು ಎರ್ಲಿಕಿಯಾ ಕ್ಯಾನಿಸ್ ಎಂದು ಕರೆಯಲ್ಪಡುವ ಬ್ಯಾಕ್ಟೀರಿಯಾ ಇಂತಹ ಕಣಗಳ ಒಳಗೇ ಉಳಿದು ವೃದ್ಧಿಯಾಗುತ್ತದೆ. ನಾಶಪಡಿಸಬೇಕಾದ ಕಣವೇ ರೋಗಾಣುವಿಗೆ ಆಶ್ರಯವಾಗುತ್ತದೆ. ರಕ್ತದೊಂದಿಗೆ ಗುಲ್ಮ, ಯಕೃತ್ತು, ದುಗ್ಧಗ್ರಂಥಿಗಳಿಗೆ ಅದನ್ನು ಸಾಗಿಸುವುದೂ ಅದೇ ಕಣ.

ಈ ರೋಗಕ್ಕೆ ಮೂರು ಹಂತಗಳಿವೆ.

ಮೊದಲ ಹಂತ: ಸೋಂಕು ತಗುಲಿದ ಸುಮಾರು 8ರಿಂದ 20 ದಿನಗಳಲ್ಲಿ ಜ್ವರ, ಮಂಕುತನ, ಆಹಾರ ಬಿಡುವುದು, ದುಗ್ಧಗ್ರಂಥಿಗಳ ಊತ ಕಾಣಿಸಿಕೊಳ್ಳುತ್ತವೆ. ರಕ್ತಸ್ರಾವವನ್ನು ತಡೆಯುವ ಪ್ಲೇಟ್‌ಲೆಟ್ ಕಣಗಳ ಸಂಖ್ಯೆ ಇಳಿಯುತ್ತದೆ.

ಎರಡನೆಯ ಹಂತ: ನಾಯಿ ಗುಣವಾದಂತೆ ಕಾಣುತ್ತದೆ. ಆದರೆ ರೋಗಾಣು ಒಳಗೆ ಉಳಿದಿರಬಹುದು. ಈ ಸ್ಥಿತಿ ತಿಂಗಳುಗಳಿಂದ ವರ್ಷಗಳವರೆಗೂ ಮುಂದುವರಿಯಬಹುದು.

ಮೂರನೆಯ ಹಂತ: ಕೆಲವು ನಾಯಿಗಳಲ್ಲಿ ರಕ್ತಕಣಗಳನ್ನು ಉತ್ಪಾದಿಸುವ ಅಸ್ಥಿಮಜ್ಜೆಯೇ ಸೊರಗುತ್ತದೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕುಸಿಯುತ್ತವೆ. ಮೂಗಿನಿಂದ ರಕ್ತ ಸುರಿಯುವುದು, ತೀವ್ರ ರಕ್ತಹೀನತೆ, ಇತರ ಸೋಂಕುಗಳಿಗೆ ಸುಲಭವಾಗಿ ಈಡಾಗುವುದು ಇದರ ಲಕ್ಷಣಗಳು. ಈ ಹಂತದಲ್ಲಿ ನಾಯಿಯನ್ನು ಉಳಿಸುವುದು ಬಹಳ ಕಷ್ಟ.

3. ದೇಹವು ತನ್ನನ್ನೇ ಹಾನಿಗೊಳಿಸಿಕೊಳ್ಳುವ ಬಗೆ

ರೋಗನಿರೋಧಕ ಶಕ್ತಿ ಕುಂದುವುದು ಒಂದು ತೊಂದರೆಯಾದರೆ, ಅದು ದಿಕ್ಕು ತಪ್ಪಿ ವರ್ತಿಸುವುದು ಇನ್ನೊಂದು. ಎರ್ಲಿಕಿಯಾ ಸೋಂಕಿನಲ್ಲಿ ದೇಹವು ಅಪಾರ ಪ್ರಮಾಣದಲ್ಲಿ ಪ್ರತಿಕಾಯಗಳನ್ನು ತಯಾರಿಸುತ್ತದೆ. ಕಣದ ಒಳಗೆ ಅಡಗಿರುವ ರೋಗಾಣುವನ್ನು ಅವು ಸುಲಭವಾಗಿ ತಲುಪಲಾರವು. ಕೆಲವು ಪ್ರತಿಕಾಯಗಳು ನಾಯಿಯ ಸ್ವಂತ ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಂಡು ಅವುಗಳ ನಾಶಕ್ಕೆ ಕಾರಣವಾಗುತ್ತವೆ. ಇನ್ನು ಕೆಲವು ಮೂತ್ರಪಿಂಡ ಮತ್ತು ಕಣ್ಣುಗಳಲ್ಲಿ ಸಂಗ್ರಹವಾಗಿ ಹಾನಿಯುಂಟುಮಾಡುತ್ತವೆ.

ಉಣ್ಣೆಗಳ ಮೂಲಕವೇ ಹರಡುವ ಬೆಬೀಸಿಯಾ ಎಂಬ ಪರೋಪಜೀವಿಯು ಕೆಂಪು ರಕ್ತಕಣಗಳಲ್ಲಿ ನೆಲೆಸುತ್ತದೆ. ಇದರ ಒಂದು ಪ್ರಭೇದವನ್ನು 1910ರಲ್ಲಿ ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ ಗುರುತಿಸಿ ವರದಿ ಮಾಡಲಾಯಿತು. ಸೋಂಕಿತ ಕಣಗಳೊಡನೆ ಆರೋಗ್ಯವಂತ ಕೆಂಪು ಕಣಗಳನ್ನೂ ದೇಹವು ಪರಕೀಯವೆಂದು ಬಗೆದು ಒಡೆದುಹಾಕುತ್ತದೆ. ಒಸಡು ಬಿಳಿಚುವುದು, ಕಣ್ಣು ಹಳದಿಯಾಗುವುದು, ಮೂತ್ರ ಕಂದುಗೆಂಪಾಗುವುದು ಇದರ ಸೂಚನೆಗಳು. ಎರಡೂ ಸೋಂಕುಗಳು ಒಂದೇ ನಾಯಿಯಲ್ಲಿ ಇರಬಹುದು. ಅವುಗಳ ಔಷಧಗಳು ಬೇರೆ ಬೇರೆ. ಆದುದರಿಂದ ರಕ್ತಪರೀಕ್ಷೆಯಿಲ್ಲದೆ ಊಹೆಯ ಮೇಲೆ ಚಿಕಿತ್ಸೆ ನೀಡುವುದು ಸೂಕ್ತವಲ್ಲ.

4. ಪಂಚಾಯಿತಿಯ ಕಾರ್ಯಕ್ರಮಗಳಿಗೆ ಇರುವ ಸಂಬಂಧ

ಮೊದಲನೆಯದು ಶಸ್ತ್ರಚಿಕಿತ್ಸೆ. ಮೇಲ್ನೋಟಕ್ಕೆ ಗಟ್ಟಿಮುಟ್ಟಾಗಿರುವ ನಾಯಿಯಲ್ಲಿಯೂ ಪ್ಲೇಟ್‌ಲೆಟ್ ಕಡಿಮೆಯಿರಬಹುದು. ಅಂತಹ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದರೆ ರಕ್ತಸ್ರಾವ ನಿಲ್ಲದೆ ಪ್ರಾಣಾಪಾಯವಾಗಬಹುದು. ಶಿಬಿರದಲ್ಲಿ ನಾಯಿ ಸತ್ತರೆ ಜನರು ಮುಂದಿನ ಶಿಬಿರಕ್ಕೆ ಸಹಕರಿಸಲು ಹಿಂಜರಿಯುತ್ತಾರೆ.

ಎರಡನೆಯದು ಲಸಿಕೆ. ರೋಗವನ್ನು ಗುರುತಿಸಿ ಎದುರಿಸುವಂತೆ ದೇಹವನ್ನು ಸಿದ್ಧಗೊಳಿಸುವುದೇ ಲಸಿಕೆಯ ಕೆಲಸ. ರಕ್ಷಣೆ ಮೂಡಬೇಕಾದದ್ದು ದೇಹದ ಪ್ರತಿಕ್ರಿಯೆಯಿಂದಲೇ. ತೀವ್ರ ಜ್ವರ, ನಿತ್ರಾಣ ಇರುವ ನಾಯಿಗೆ ಲಸಿಕೆಯನ್ನು ಅಂದೇ ನೀಡಬೇಕೆ, ಚೇತರಿಕೆಯ ನಂತರವೇ ಎಂಬುದನ್ನು ಪಶುವೈದ್ಯರು ನಿರ್ಧರಿಸಬೇಕು. ಉಣ್ಣೆ ಇದೆಯೆಂಬ ಒಂದೇ ಕಾರಣಕ್ಕೆ ಯಾವ ನಾಯಿಯೂ ರೇಬಿಸ್ ಲಸಿಕೆಯಿಂದ ವಂಚಿತವಾಗಬಾರದು.

ಮೂರನೆಯದು ಜನರ ಆರೋಗ್ಯ. ಎರ್ಲಿಕಿಯಾ ಸೋಂಕಿರುವ ನಾಯಿಯನ್ನು ಮುಟ್ಟಿದ ಮಾತ್ರಕ್ಕೆ ಸೋಂಕು ಮನುಷ್ಯರಿಗೆ ತಗುಲದು. ಆದರೆ ಮನುಷ್ಯರಿಗೆ ಬರುವ ಉಣ್ಣೆ ಜ್ವರದ ರೋಗಾಣುವನ್ನು ಕಂದು ಉಣ್ಣೆ ಹರಡಬಲ್ಲದು. ಆದುದರಿಂದ ಉಣ್ಣೆಯನ್ನು ಬರಿಗೈಯಿಂದ ಹಿಸುಕಬಾರದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಅರಣ್ಯದಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಮುಖ್ಯವಾಗಿ ಹರಡುವುದು ಬೇರೆ ಜಾತಿಯ ಕಾಡಿನ ಉಣ್ಣೆ. ಈ ವ್ಯತ್ಯಾಸವನ್ನು ಮಲೆನಾಡಿನ ಸದಸ್ಯರು ಜನರಿಗೆ ವಿವರಿಸಿ, ಭಯದಿಂದ ನಾಯಿಗಳನ್ನು ಕೊಲ್ಲುವ ಅಥವಾ ಅನ್ಯ ಊರಿಗೆ ಒಯ್ದು ಬಿಡುವ ಕೃತ್ಯಗಳನ್ನು ತಡೆಯಬೇಕು.

5. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಅ) ಶಿಬಿರದ ದಿನಾಂಕ ಗೊತ್ತುಪಡಿಸುವ ಮುನ್ನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಮೂಲಕ ಪಶುವೈದ್ಯಾಧಿಕಾರಿಗಳೊಂದಿಗೆ ಚರ್ಚಿಸಿ, ಉಣ್ಣೆ ನಿವಾರಣೆ ಹಾಗೂ ಅಗತ್ಯವಿರುವ ನಾಯಿಗಳ ರಕ್ತಪರೀಕ್ಷೆಯನ್ನು ಶಿಬಿರದ ಯೋಜನೆಯಲ್ಲಿಯೇ ಸೇರಿಸುವುದು.

ಆ) ಪಂಚಾಯಿತಿ ಕಟ್ಟಡ, ಶಾಲೆ, ಅಂಗನವಾಡಿ, ಸಂತೆಕಟ್ಟೆಗಳಲ್ಲಿ ನಾಯಿಗಳು ಮಲಗುವ ಜಾಗಗಳ ಬಿರುಕುಗಳನ್ನು ಮುಚ್ಚಿಸಿ ಸ್ವಚ್ಛವಾಗಿಡುವುದು.

ಇ) ಹೊಲಕ್ಕೆ ಸಿಂಪಡಿಸುವ ಕೀಟನಾಶಕ, ಸೀಮೆಎಣ್ಣೆ ಮೊದಲಾದವುಗಳನ್ನು ನಾಯಿಯ ಮೈಗೆ ಹಚ್ಚದಂತೆ ಗ್ರಾಮಸಭೆಯಲ್ಲಿ ತಿಳಿವಳಿಕೆ ನೀಡುವುದು. ಇವು ನಾಯಿಗೆ ವಿಷಕಾರಿ. ಪಶುವೈದ್ಯರು ಸೂಚಿಸಿದ ಔಷಧವನ್ನು ಸೂಚಿಸಿದ ಪ್ರಮಾಣದಲ್ಲಿಯೇ ಬಳಸಬೇಕು.

ಈ) ಉಣ್ಣೆಯನ್ನು ತೆಗೆಯುವಾಗ ಕೈಗವಸು ಧರಿಸಿ, ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಎಳೆಯುವ ಕ್ರಮವನ್ನು ನಾಯಿ ಸಾಕುವವರಿಗೆ ತಿಳಿಸುವುದು.

ಉ) ಎರ್ಲಿಕಿಯಾ ರೋಗಕ್ಕೆ ನೀಡುವ ಔಷಧವನ್ನು ಸಾಮಾನ್ಯವಾಗಿ 28 ದಿನ ಕೊಡಬೇಕಾಗುತ್ತದೆ. ನಾಯಿ ನಾಲ್ಕು ದಿನಕ್ಕೆ ಚೇತರಿಸಿಕೊಂಡಿತೆಂದು ಔಷಧವನ್ನು ನಡುವೆ ನಿಲ್ಲಿಸಬಾರದೆಂದು ಮನವರಿಕೆ ಮಾಡುವುದು.

ಕೊನೆಯದಾಗಿ ಒಂದು ಅಂಶವನ್ನು ಗಮನದಲ್ಲಿಡಬೇಕು. ಎರ್ಲಿಕಿಯಾ ರೋಗಾಣುವು ತಾಯಿ ಉಣ್ಣೆಯಿಂದ ಮೊಟ್ಟೆಗೆ ದಾಟುವುದಿಲ್ಲ. ಹೊಸದಾಗಿ ಹುಟ್ಟಿದ ಉಣ್ಣೆಯು ಸೋಂಕಿತ ನಾಯಿಯ ರಕ್ತ ಹೀರಿದಾಗಲೇ ರೋಗವಾಹಕವಾಗುತ್ತದೆ. ಆದುದರಿಂದ ಒಂದು ನಾಯಿಯ ಸೋಂಕನ್ನು ಗುರುತಿಸಿ ಪೂರ್ಣ ಚಿಕಿತ್ಸೆ ಕೊಡಿಸುವುದು ಆ ಬೀದಿಯ ಉಳಿದ ನಾಯಿಗಳನ್ನೂ ರಕ್ಷಿಸುವ ಕೆಲಸವಾಗಿದೆ.

ಚರ್ಚೆಗೆ ಪ್ರಶ್ನೆಗಳು

1. ಲಕ್ಷಣಗಳಿಲ್ಲದ ನಾಯಿಯೂ ಸೋಂಕು ಹರಡಲು ಹೇಗೆ ಕಾರಣವಾಗಬಲ್ಲದು?
2. ತಮ್ಮ ವಾರ್ಡಿನಲ್ಲಿ ನಾಯಿಗಳು ಗುಂಪಾಗಿ ಮಲಗುವ ಸಾರ್ವಜನಿಕ ಸ್ಥಳಗಳು ಯಾವುವು? ಅಲ್ಲಿ ಉಣ್ಣೆ ಅಡಗಲು ಅವಕಾಶವಿದೆಯೇ?
3. ಮುಂದಿನ ಲಸಿಕಾ ಶಿಬಿರದ ಯೋಜನೆಯಲ್ಲಿ ಉಣ್ಣೆ ನಿವಾರಣೆಗೆ ಏನು ಏರ್ಪಾಡು ಮಾಡಬಹುದು?