ನ್ಯಾನೊಸೆಲ್ಯುಲೋಸ್: ಆಮ್ಲದ ದಾರಿ, ಒತ್ತಡದ ದಾರಿ

ಬೆಂಗಳೂರಿನ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳ ಕಟಿಂಗ್ ಟೇಬಲ್‌ನಿಂದ ಉದುರುವ ಹತ್ತಿ ಬಟ್ಟೆಯ ಚೂರು ಬಹುಪಾಲು ಸೆಲ್ಯುಲೋಸೇ. (ಪಾಲಿಯೆಸ್ಟರ್ ಬೆರೆತಿದ್ದರೆ ಮೊದಲು ಬೇರ್ಪಡಿಸಬೇಕು, ನಿಜವಾದ ತಲೆನೋವು ಅದೇ.) 1838ರಲ್ಲಿ ಸೆಲ್ಯುಲೋಸನ್ನು ಗುರುತಿಸಿದವರು ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್.

ಸೆಲ್ಯುಲೋಸ್ ನಾರನ್ನು ನ್ಯಾನೊ ಗಾತ್ರಕ್ಕೆ ಇಳಿಸಿದರೆ ನ್ಯಾನೊಸೆಲ್ಯುಲೋಸ್; ಅದಕ್ಕೆ ಎರಡು ದಾರಿ. ಸುಮಾರು ಶೇ 64ರ ಸಲ್ಫ್ಯೂರಿಕ್ ಆಮ್ಲದಲ್ಲಿ, 45 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ನಾರಿನ ಅಸ್ಫಟಿಕ ಭಾಗ ಕರಗಿ ಗಿಡ್ಡ ನ್ಯಾನೊಸ್ಫಟಿಕ ಉಳಿಯುತ್ತದೆ. ನಾರಿನ ತಿರುಳನ್ನು ಭಾರೀ ಒತ್ತಡದ ಹೋಮೊಜೆನೈಸರ್‌ನಲ್ಲಿ ಹಾಯಿಸಿದರೆ ಸಿಗುವುದು ಉದ್ದನೆಯ ನ್ಯಾನೊನಾರು; ಶೇ 2ರಷ್ಟಿದ್ದರೂ ನೀರು ಗಂಜಿಯಂತೆ ಗಟ್ಟಿ. ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಅದಲುಬದಲು ಮಾಡುವುದು ಇವೆರಡನ್ನೇ.

ಈ ಎರಡನೆಯ ದಾರಿಗೆ ವಿದ್ಯುತ್ ಬಹಳ ಬೇಕು. ಟೆಂಪೊ ಎಂಬ ರಾಸಾಯನಿಕ ಬಳಸಿ ಮಾಡುವ ಉತ್ಕರ್ಷಣೆಯಿಂದ ಅದನ್ನು ತಗ್ಗಿಸಿದ ಅಕಿರಾ ಇಸೊಗಾಯ್ ಮತ್ತು ಸಂಗಡಿಗರಿಗೆ 2015ರ ಮಾರ್ಕಸ್ ವಾಲೆನ್‌ಬರ್ಗ್ ಪ್ರಶಸ್ತಿ. ಭಾರತದಲ್ಲಿ ಹತ್ತಿಯಿಂದ ನ್ಯಾನೊಸೆಲ್ಯುಲೋಸ್ ತೆಗೆಯುವ ಪ್ರಾಯೋಗಿಕ ಘಟಕ ಮುಂಬೈನ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿದೆ (ಸಿರ್ಕಾಟ್).