ಮನೆಯಲ್ಲೋ, ಮತಗಟ್ಟೆಯಲ್ಲೋ: ವಿಕಲಚೇತನರ ಮತದಾನದ ಹಕ್ಕು

ಮತಗಟ್ಟೆಯಿರುವ ಶಾಲೆಯ ಮೆಟ್ಟಿಲು ಹತ್ತಲಾಗದೆ ಮತ ಹಾಕದೇ ಉಳಿದವರನ್ನು ಆಸಕ್ತಿಯಿಲ್ಲದವರ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ. ಡಿಸೇಬಲ್ಡ್ ರೈಟ್ಸ್ ಗ್ರೂಪ್ ಹೂಡಿದ ಮೊಕದ್ದಮೆಯಲ್ಲಿ, ಮತಗಟ್ಟೆಗಳಿಗೆ ರ‍್ಯಾಂಪ್ ಕಲ್ಪಿಸುವಂತೆ ಸುಪ್ರೀಂ ಕೋರ್ಟ್ 2004ರಲ್ಲೇ ಸೂಚಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 11ನೇ ಸೆಕ್ಷನ್ ಇದನ್ನು ಚುನಾವಣಾ ಆಯೋಗದ ಕರ್ತವ್ಯವನ್ನಾಗಿಸಿತು: ಪ್ರತಿ ಮತಗಟ್ಟೆಯೂ ವಿಕಲಚೇತನರಿಗೆ ತಲುಪುವಂತಿರಬೇಕು, ಚುನಾವಣೆಯ ಎಲ್ಲ ಮಾಹಿತಿ ಅವರಿಗೆ ಅರ್ಥವಾಗುವಂತಿರಬೇಕು.

ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಯ ಮತದಾರರೂ ಈ ಸೌಲಭ್ಯ ಕೇಳಿ ಪಡೆಯಬಹುದು. ಆದರೆ ಕೆಲಸ ಮತದಾನದ ದಿನಕ್ಕಿಂತ ಬಹಳ ಮೊದಲೇ ಶುರುವಾಗಬೇಕು.

ಮೊದಲ ಹೆಜ್ಜೆ, ಮತದಾರರ ಪಟ್ಟಿಯಲ್ಲಿ ವೈಕಲ್ಯವನ್ನು ನಮೂದಿಸುವುದು. ಇದಕ್ಕೆ ನಮೂನೆ 8 ತುಂಬಿ ಮತಗಟ್ಟೆ ಮಟ್ಟದ ಅಧಿಕಾರಿಗೆ (ಬಿಎಲ್‌ಒ) ಕೊಡಬೇಕು. ಚುನಾವಣಾ ಆಯೋಗದ 'ಸಕ್ಷಮ್' ಆ್ಯಪ್‌ನಲ್ಲೂ ಇದನ್ನು ಮಾಡಬಹುದು. ಗಾಲಿಕುರ್ಚಿ ಬೇಕೆಂದು ಅಲ್ಲೇ ಕೇಳಿಕೊಳ್ಳಬಹುದು. ಮೊಬೈಲ್ ಬಳಸಲು ಬಾರದವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಲಿ.

ಮನೆಯಿಂದಲೇ ಮತ ಹಾಕುವ ಅವಕಾಶ 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಮೊದಲ ಬಾರಿಗೆ ರಾಜ್ಯದಾದ್ಯಂತ ಸಿಕ್ಕಿತು. ವೈಕಲ್ಯ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದು, ಪ್ರಮಾಣಪತ್ರವಿದ್ದವರು ನಮೂನೆ 12ಡಿ ಸಲ್ಲಿಸಬೇಕು. ಚುನಾವಣಾ ಅಧಿಸೂಚನೆ ಹೊರಟ ಐದು ದಿನಗಳೊಳಗೆ ಅರ್ಜಿ ತಲುಪಬೇಕು. ಗಡುವು ತಪ್ಪಿದರೆ ಮತಗಟ್ಟೆಗೇ ಹೋಗಬೇಕಾಗುತ್ತದೆ. ಒಪ್ಪಿಗೆ ಸಿಕ್ಕ ಮೇಲೆ ಸಿಬ್ಬಂದಿ ಅಂಚೆ ಮತಪತ್ರದೊಂದಿಗೆ ಮನೆಗೆ ಬರುತ್ತಾರೆ. ಭೇಟಿಯ ವಿಡಿಯೊ ಚಿತ್ರೀಕರಣವಾಗುತ್ತದೆ, ಆದರೆ ಯಾರಿಗೆ ಮತ ಎಂಬುದು ಗುಟ್ಟಾಗಿಯೇ ಉಳಿಯಬೇಕು. ಹೀಗೆ ಒಪ್ಪಿಗೆ ಪಡೆದವರು ಬಳಿಕ ಮತಗಟ್ಟೆಯಲ್ಲಿ ಮತ ಹಾಕುವಂತಿಲ್ಲ.

ಮನೆ ಮತದಾನ ಆಯ್ಕೆಯೇ ಹೊರತು ಕಡ್ಡಾಯವಲ್ಲ. 'ನಿಮಗೆ ಮನೆ ಮತದಾನ ಇದೆಯಲ್ಲ' ಎಂದು ಹೇಳಿ ರ‍್ಯಾಂಪ್ ಕಟ್ಟದೆ ಬಿಡಲು ಯಾವ ಅಧಿಕಾರಿಗೂ ಅವಕಾಶವಿಲ್ಲ. ಊರವರ ಜೊತೆ ಹೋಗಿ ಮತ ಹಾಕುವ ಇಚ್ಛೆ ಇದ್ದವರಿಗೆ ದಾರಿ ಮಾಡಿಕೊಡಲೇಬೇಕು.

ದೃಷ್ಟಿಹೀನರು ಮತಯಂತ್ರದಲ್ಲಿರುವ ಬ್ರೈಲ್ ಅಂಕಿ ಮುಟ್ಟಿ ತಾವೇ ಗುಂಡಿ ಒತ್ತಬಹುದು. ಚಿಹ್ನೆ ಗುರುತಿಸಲಾಗದವರು ಅಥವಾ ಗುಂಡಿ ಒತ್ತಲಾಗದವರು 1961ರ ಚುನಾವಣಾ ನಿಯಮ 49ಎನ್ ಪ್ರಕಾರ ಸಹಾಯಕರನ್ನು ಕರೆದೊಯ್ಯಬಹುದು. ಸಹಾಯಕರಿಗೆ 18 ತುಂಬಿರಬೇಕು. ಮತದ ಗುಟ್ಟು ಕಾಪಾಡುವುದಾಗಿ, ಅಂದು ಬೇರೆ ಯಾರಿಗೂ ಸಹಾಯಕರಾಗಿಲ್ಲವೆಂದು ಅವರು ಘೋಷಣೆ ಬರೆದುಕೊಡಬೇಕು. ಒಬ್ಬರು ದಿನಕ್ಕೆ ಒಬ್ಬ ಮತದಾರರಿಗೆ ಮಾತ್ರ ಸಹಾಯಕರಾಗಬಹುದು. ಬೇರೆಯವರ ಮತವನ್ನು ಪಕ್ಷದ ಕಾರ್ಯಕರ್ತರು ಸಾಲಾಗಿ ಒತ್ತುವುದನ್ನು ತಡೆಯುವ ಬೇಲಿ ಇದು.

ಬುದ್ಧಿಮಾಂದ್ಯರಿಗೆ ಮತವಿಲ್ಲ ಎಂಬ ಮಾತು ಹಳ್ಳಿಗಳಲ್ಲಿ ಈಗಲೂ ಕೇಳಿಬರುತ್ತದೆ. ಅದು ತಪ್ಪು. 1950ರ ಪ್ರಜಾಪ್ರತಿನಿಧಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಅಸ್ವಸ್ಥಚಿತ್ತರೆಂದು ಸಕ್ಷಮ ನ್ಯಾಯಾಲಯ ಘೋಷಿಸಿದ್ದರೆ ಮಾತ್ರ ಹೆಸರು ಕೈಬಿಡಬಹುದು. ವೈದ್ಯರ ಚೀಟಿಯಾಗಲಿ, ಮನೆಯವರ ಅಭಿಪ್ರಾಯವಾಗಲಿ ಇದಕ್ಕೆ ಸಾಲದು.

ತೊಂದರೆಯಾದರೆ ಮೊದಲು ಮತಗಟ್ಟೆಯ ಅಧ್ಯಕ್ಷಾಧಿಕಾರಿಗೆ ಹೇಳಿ, 1950 ಸಹಾಯವಾಣಿಗೆ ಕರೆ ಮಾಡಬೇಕು. ನಂತರ ಕ್ಷೇತ್ರದ ಚುನಾವಣಾಧಿಕಾರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಹಕ್ಕು ವಂಚನೆಯ ದೂರನ್ನು ರಾಜ್ಯದ ವಿಕಲಚೇತನರ ಆಯುಕ್ತರೂ ವಿಚಾರಿಸಬಲ್ಲರು.

ನಮೂನೆ 12ಡಿ, ನಿಯಮ 49ಎನ್ ವಿಧಾನಸಭೆ, ಲೋಕಸಭೆ ಚುನಾವಣೆಗೆ ಸಂಬಂಧಿಸಿದವು. ಪಂಚಾಯಿತಿ ಚುನಾವಣೆಯನ್ನು ರಾಜ್ಯ ಚುನಾವಣಾ ಆಯೋಗ ನಡೆಸುತ್ತದೆ. 2016ರ ಕಾಯ್ದೆಯ 11ನೇ ಸೆಕ್ಷನ್ ಆ ಆಯೋಗವನ್ನೂ ಹೆಸರಿಸಿದೆ. ಹಾಗಾಗಿ ಬುಕ್ಕಾಂಬುಧಿಯವರು ಪಂಚಾಯಿತಿಗೆ ಮತ ಹಾಕುವ ಕಟ್ಟಡಕ್ಕೂ ರ‍್ಯಾಂಪ್ ಬೇಕೆಂದು ಮುಂಚಿತವಾಗಿಯೇ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು.